ಈರುಳ್ಳಿಯೋ ಬೆಳ್ಳುಳ್ಳಿಯೋ: ಇಟಲಿ ಅಡುಗೆಮನೆಯ ಹಳೇ ತಕರಾರು

2015ರ ಫೆಬ್ರುವರಿಯಲ್ಲಿ ಇಟಲಿಯ ಹೆಸರಾಂತ ಬಾಣಸಿಗ ಕಾರ್ಲೊ ಕ್ರಾಕ್ಕೊ ಟೀವಿ ಕಾರ್ಯಕ್ರಮವೊಂದರಲ್ಲಿ, ಅಮಾತ್ರಿಚಾನಾ ಸಾಸ್‌ಗೆ ತಾನು ಸಿಪ್ಪೆ ಸಮೇತ ಬೆಳ್ಳುಳ್ಳಿ ಎಸಳು ಹಾಕುತ್ತೇನೆ ಅಂದುಬಿಟ್ಟರು. ಆ ಸಾಸ್‌ಗೆ ಹೆಸರು ಬಂದದ್ದು ಬೆಟ್ಟಗಳ ನಡುವಿನ ಅಮಾತ್ರಿಚೆ ಎಂಬ ಊರಿನಿಂದ. ಅಲ್ಲಿನ ಪುರಸಭೆ ಸುಮ್ಮನೆ ಕೂರಲಿಲ್ಲ, ಫೇಸ್‌ಬುಕ್‌ನಲ್ಲಿ ಹೇಳಿಕೆಯನ್ನೇ ಹಾಕಿತು. ಹಂದಿಯ ಕೆನ್ನೆಮಾಂಸ, ಪೆಕೊರಿನೊ ಚೀಸ್, ಬಿಳಿ ವೈನ್, ಟೊಮೆಟೊ, ಕಾಳುಮೆಣಸು, ಮೆಣಸಿನಕಾಯಿ, ಇಷ್ಟೇ. ಬಾಣಸಿಗರದು ಬಾಯಿತಪ್ಪಿ ಬಂದ ಮಾತಿರಬೇಕು ಎಂಬ ಕೊಂಕೂ ಅದರಲ್ಲಿತ್ತು.

ಒಂದು ಎಸಳು ಬೆಳ್ಳುಳ್ಳಿಗೆ ಪುರಸಭೆಯೇ ಎದ್ದು ನಿಲ್ಲುವುದು ನಮಗೆ ತಮಾಷೆ. ನಾವು ಈರುಳ್ಳಿ-ಬೆಳ್ಳುಳ್ಳಿ ಅಂತ ಒಂದೇ ಉಸಿರಿನಲ್ಲಿ ಹೇಳುವವರು. ತಿನ್ನುವವರು ಎರಡನ್ನೂ ತಿನ್ನುತ್ತಾರೆ, ಬಿಟ್ಟವರು ಎರಡನ್ನೂ ಬಿಡುತ್ತಾರೆ. ಇಟಲಿಯ ಎಷ್ಟೋ ಮನೆಗಳಲ್ಲಿ ಲೆಕ್ಕ ಬೇರೆ: ‘ಓ ಆಲ್ಯೊ, ಓ ಚಿಪೊಲ್ಲಾ’. ಬೆಳ್ಳುಳ್ಳಿ ಹಾಕಿದ್ದರೆ ಈರುಳ್ಳಿ ಬೇಡ, ಈರುಳ್ಳಿ ಹಾಕಿದ್ದರೆ ಬೆಳ್ಳುಳ್ಳಿ ಬೇಡ. ಇದು ಅಜ್ಜಿಯ ಕಾಲದಿಂದ ಬಂದ ಕಟ್ಟಳೆ ಅಂತ ಅಲ್ಲಿನವರು ಹೇಳುತ್ತಾರೆ. ಎಷ್ಟು ಹಿಂದಿನ ಅಜ್ಜಿ ಅನ್ನುವುದೇ ಪ್ರಶ್ನೆ.

ಬೆಳ್ಳುಳ್ಳಿಯ ಮೇಲಿನ ಮುನಿಸಂತೂ ಎರಡು ಸಾವಿರ ವರ್ಷ ಹಳೆಯದು. ರೋಮನ್ ಕವಿ ಹೊರೇಸ್‌ಗೆ ಆಶ್ರಯದಾತ ಮೆಸೀನಸ್‌ನ ಮನೆಯ ಊಟದಲ್ಲಿ ಬೆಳ್ಳುಳ್ಳಿ ಸಿಕ್ಕಿತು, ಹೊಟ್ಟೆ ಉರಿಯಿತು. ಕವಿ ಪದ್ಯ ಬರೆದೇ ಸೇಡು ತೀರಿಸಿಕೊಂಡ: ಹೆತ್ತಪ್ಪನ ಕತ್ತು ಹಿಸುಕಿದ ಪಾಪಿಗೆ ವಿಷದ ಬದಲು ಬೆಳ್ಳುಳ್ಳಿ ತಿನ್ನಿಸಿ, ಅದೇ ಹೆಚ್ಚು ಘೋರ, ಇದನ್ನು ತಿನ್ನುವ ಕೊಯ್ಲಿನಾಳುಗಳ ಕರುಳು ಎಷ್ಟು ಗಟ್ಟಿಯೋ! ಕೊನೆಗೆ ಮೆಸೀನಸ್‌ಗೂ ಶಾಪ: ಇನ್ನೊಮ್ಮೆ ಹೀಗೆ ಮಾಡಿದರೆ ನಿನ್ನ ಹುಡುಗಿ ಮುತ್ತಿಗೆ ಕೈ ಅಡ್ಡ ಹಿಡಿದು ಮಂಚದ ಆ ತುದಿಗೆ ಮಲಗಲಿ. ಅದೇ ಕಾಲದ ವರ್ಜಿಲ್‌ನ ಪದ್ಯದಲ್ಲೂ ಬಿಸಿಲಿಗೆ ಬಸವಳಿದ ಕೊಯ್ಲಿನವರಿಗಾಗಿ ಹೆಂಗಸೊಬ್ಬಳು ಬೆಳ್ಳುಳ್ಳಿ ಅರೆಯುತ್ತಾಳೆ. ಉಳ್ಳವರ ಅಡುಗೆಯ ಸಂಗ್ರಹವಾಗಿ ಉಳಿದಿರುವ ಅಪಿಸಿಯಸ್ ಹೆಸರಿನ ಪುಸ್ತಕದಲ್ಲಿ ಮಾತ್ರ ಬೆಳ್ಳುಳ್ಳಿ ಕಾಣುವುದು ಅಪರೂಪ. ಗದ್ದೆಯಲ್ಲಿ ಅದಿಲ್ಲದೆ ಊಟವಿಲ್ಲ, ಮಹಡಿಮನೆಗೆ ಅದಕ್ಕೆ ಪ್ರವೇಶವಿಲ್ಲ.

ಹದಿನೈದನೇ ಶತಮಾನದ ಕೊನೆಯಲ್ಲಿ ಬೊಲೊನ್ಯದ ಸಬಾದಿನೊ ದೆಲ್ಯಿ ಆರಿಯೆಂತಿ ಬರೆದ ಕಥೆಯೊಂದರಲ್ಲೂ ಬೆಳ್ಳುಳ್ಳಿ ಹಳ್ಳಿಗರ ತಿನಿಸೇ. ಆದರೆ ಅಲ್ಲೊಂದು ರಿಯಾಯಿತಿ ಇದೆ: ಹುರಿದ ಹೆಬ್ಬಾತಿನ ಹೊಟ್ಟೆಯೊಳಗೆ ತುಂಬಿದರೆ ಅದಕ್ಕೂ ದೊಡ್ಡವರ ಮರ್ಯಾದೆ ಸಿಗುತ್ತದೆ. ಹೊರಗೆ ಕಾಣದಿದ್ದರೆ ಸರಿ ಎಂಬ ಈ ನಾಚಿಕೆ ಇಟಲಿಯ ಬಾಣಲೆಯಲ್ಲಿ ಇವತ್ತಿಗೂ ಇದೆ.

ಅದನ್ನು ನೋಡಬೇಕೆಂದರೆ ಒಲೆ ಹತ್ತಿರ ನಿಲ್ಲಬೇಕು. ನಮ್ಮ ಒಗ್ಗರಣೆಯಲ್ಲಿ ಎಣ್ಣೆ ಕಾಯಬೇಕು, ಸಾಸಿವೆ ಸಿಡಿಯಬೇಕು, ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗಬೇಕು. ಅವರದು ತದ್ವಿರುದ್ಧ. ತಣ್ಣಗಿನ ಆಲಿವ್ ಎಣ್ಣೆಯಲ್ಲೇ ಇಡೀ ಎಸಳು ಹಾಕಿ ಸಣ್ಣ ಉರಿಗೆ ಇಡುತ್ತಾರೆ. ಎಸಳಿನ ಸುತ್ತ ಗುಳ್ಳೆ ಏಳುವಾಗ ಬಾಣಲೆಯನ್ನು ಓರೆ ಮಾಡಿ, ಎಣ್ಣೆಯೆಲ್ಲ ಒಂದು ಕಡೆ ನಿಂತು ಎಸಳು ಅದರಲ್ಲಿ ಮುಳುಗುವಂತೆ ಹಿಡಿಯುತ್ತಾರೆ. ತೆಳು ಹೊನ್ನಿನ ಬಣ್ಣಕ್ಕೆ ಬಂತೋ, ತೆಗೆದು ಎಸೆಯುತ್ತಾರೆ. ಎಣ್ಣೆಯಲ್ಲಿ ಉಳಿಯುವುದು ಪರಿಮಳ ಮಾತ್ರ. ಸಿಪ್ಪೆ ಬಿಡಿಸದೆ ಹಾಕಿದರೆ ಅದು ‘ಅಂಗಿ ತೊಟ್ಟ ಬೆಳ್ಳುಳ್ಳಿ’, ಘಾಟು ಇನ್ನೂ ಕಡಿಮೆ. ಅದಕ್ಕೊಂದು ಕಾರಣವಿದೆ. ಬೆಳ್ಳುಳ್ಳಿಯ ಘಾಟಿಗೆ ಮೂಲವಾದ ಅಲಿಸಿನ್ ಇಡೀ ಎಸಳಿನಲ್ಲಿ ಇರುವುದೇ ಇಲ್ಲ. ಕತ್ತರಿಸಿದಾಗಲೋ ಜಜ್ಜಿದಾಗಲೋ ಒಳಗಿನ ಕಿಣ್ವ ಇನ್ನೊಂದು ವಸ್ತುವಿನ ಜೊತೆ ಸೇರಿ ಅದು ಹುಟ್ಟುತ್ತದೆ.

ಈರುಳ್ಳಿಯದು ಬೇರೆ ಸ್ವಭಾವ. ನಮ್ಮ ಕರಾವಳಿಯವರು ಅದನ್ನು ನೀರುಳ್ಳಿ ಅನ್ನುವುದು ಸುಮ್ಮನಲ್ಲ, ಅದರ ತೂಕದಲ್ಲಿ ನೂರಕ್ಕೆ 89ರಷ್ಟು ನೀರೇ. ಬೆಳ್ಳುಳ್ಳಿಯಲ್ಲಿ ನೀರು 60ರ ಆಸುಪಾಸು. ಸಣ್ಣ ಉರಿಯಲ್ಲಿ ಈರುಳ್ಳಿಯ ನೀರು ಆರಿ ಸಿಹಿ ಬಿಡಲು ಹತ್ತು ಹದಿನೈದು ನಿಮಿಷ ಬೇಕು. ಅಷ್ಟು ಹೊತ್ತಿಗೆ ಜೊತೆಯಲ್ಲಿ ಬಿದ್ದ ಬೆಳ್ಳುಳ್ಳಿ ಕಂದಿ ಕಹಿಯಾಗಿರುತ್ತದೆ. ಹಾಗಾಗಿ ತಾಸುಗಟ್ಟಲೆ ಕುದಿಯುವ ಮಾಂಸದ ಸಾಸ್ ‘ರಗೂ’ಗೆ, ಅನ್ನದ ಖಾದ್ಯ ರಿಸೊಟ್ಟೊಗೆ ಈರುಳ್ಳಿ ಹೊಂದಿತು. ಹತ್ತು ನಿಮಿಷದಲ್ಲಿ ಮುಗಿಯುವ ಚಿಪ್ಪುಮೀನಿನ ಪಾಸ್ತಾ, ಸೊಪ್ಪಿನ ಪಲ್ಯಗಳಿಗೆ ಬೆಳ್ಳುಳ್ಳಿ. ನನ್ನ ಪ್ರಕಾರ ‘ಅದೋ ಇದೋ’ ಎಂಬ ಮಾತಿನ ಅರ್ಧ ಗುಟ್ಟು ಇಷ್ಟೇ. ಅಡುಗೆಯ ಹೊತ್ತು ಮಾಡಿದ ಆಯ್ಕೆಯನ್ನು ಆಮೇಲೆ ರುಚಿಯ ಧರ್ಮ ಅಂದರು.

ಉಳಿದರ್ಧ ಆಯಾ ಸೀಮೆಯ ಮಣ್ಣಿನದು. ಉತ್ತರದ ಪಿಯೆಮೊಂತೆಯ ಬಾನ್ಯಾ ಕೌದಾ ಅಂದರೆ ಬೆಳ್ಳುಳ್ಳಿ, ಉಪ್ಪಿನ ಆಂಚೊವಿ ಮೀನು, ಎಣ್ಣೆ. ಅದೇ ಸೀಮೆಯ ‘ಆಸ್ತಿ’ ಎಂಬ ಊರಿನ ಭಾಗದವರು 2005ರಲ್ಲಿ ಬರೆದಿಟ್ಟ ಪಾಕವಿಧಾನದಲ್ಲಿ 12 ಜನಕ್ಕೆ 12 ಗಡ್ಡೆ ಬೆಳ್ಳುಳ್ಳಿ. ಎಸಳಲ್ಲ, ಗಡ್ಡೆ! ಈರುಳ್ಳಿಯ ಸುಳಿವಿಲ್ಲ. ದಕ್ಷಿಣದ ನೇಪಲ್ಸ್‌ನಲ್ಲಿ ‘ಜೆನೊವೇಜೆ’ ಅನ್ನುವ ಸಾಸ್‌ಗೆ ದನದ ಮಾಂಸದಷ್ಟೇ ತೂಕದ, ಕೆಲವರ ಮನೆಯಲ್ಲಿ ಅದಕ್ಕೂ ಹೆಚ್ಚು ಈರುಳ್ಳಿ ಹಾಕಿ ಕರಗಿ ಮುದ್ದೆಯಾಗುವ ತನಕ ಬೇಯಿಸುತ್ತಾರೆ. ಬೆಳ್ಳುಳ್ಳಿ ಅದರ ಹತ್ತಿರ ಸುಳಿಯುವುದಿಲ್ಲ. ವೆನಿಸ್‌ನ ಈಲಿ (ಯಕೃತ್ತಿನ) ಹುರುಕಲಿಗೂ ಈರುಳ್ಳಿಯೇ.

ಹಾಗಿದ್ದರೆ ಇಟಾಲಿಯನ್ ಅಂದ ಕೂಡಲೇ ನಮಗೆ ಗಾರ್ಲಿಕ್ ಬ್ರೆಡ್ ನೆನಪಾಗುವುದೇಕೆ? ಅದಕ್ಕೆ ಅಮೆರಿಕದ ದಾರಿ ಹಿಡಿಯಬೇಕು. 1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು ಅಲ್ಲಿಗೆ ಹಡಗು ಹತ್ತಿದರು, ಹೆಚ್ಚಿನವರು ದಕ್ಷಿಣದ ಬಡವರು. ಬೆಳ್ಳುಳ್ಳಿ ವಾಸನೆಯವರು ಅಂತ ಅಲ್ಲಿನವರಿಂದ ಬೈಸಿಕೊಂಡರು. ಮುಂದೆ ಅದೇ ವಾಸನೆ ಅವರ ಹೋಟೆಲುಗಳ ಗುರುತಾಯಿತು, ಅಲ್ಲಿಂದ ಸುತ್ತಿ ಬಳಸಿ ಬೆಂಗಳೂರಿನ ಪಿಜ್ಜಾ ಅಂಗಡಿಗೂ ಬಂತು. 1955ರಲ್ಲಿ ನ್ಯೂಯಾರ್ಕ್‌ಗೆ ಹೋದ ಮಾರ್ಚೆಲ್ಲಾ ಹಜಾನ್ ಎಂಬ ಇಟಲಿಯ ಅಡುಗೆ ಲೇಖಕಿ ಈ ಅತಿಯನ್ನು ಇಳಿಸಲು ಜೀವಮಾನವಿಡೀ ಬರೆದರು. ಅವರ ಅತ್ಯಂತ ಹೆಸರುವಾಸಿ ಟೊಮೆಟೊ ಸಾಸ್‌ನಲ್ಲಿ ಬೆಳ್ಳುಳ್ಳಿಯೇ ಇಲ್ಲ: ಟೊಮೆಟೊ, ಬೆಣ್ಣೆ, ಉಪ್ಪು, ಎರಡು ಹೋಳು ಮಾಡಿದ ಒಂದು ಈರುಳ್ಳಿ. ಮುಕ್ಕಾಲು ಗಂಟೆ ಕುದಿಸಿ ಈರುಳ್ಳಿಯನ್ನು ತೆಗೆದುಬಿಡಬೇಕು. ನಾನು ಇದನ್ನು ಮೊದಲ ಸಲ ಮಾಡಿದಾಗ ಅಮ್ಮ, “ಚೆನ್ನಾಗಿರೋ ಈರುಳ್ಳೀನ ಎಸೀತೀಯಾ?” ಅಂತ ಗದರಿ, ಎರಡೂ ಹೋಳನ್ನು ಚಪಾತಿಗೆ ನಂಚಿಕೊಂಡಳು. ಅಂದಹಾಗೆ ಹಜಾನ್‌ಗೆ ಎರಡೂ ಒಟ್ಟಿಗೆ ಬೀಳುವುದರ ಬಗ್ಗೆ ತಕರಾರಿರಲಿಲ್ಲ. ಈರುಳ್ಳಿ ಮೊದಲು, ಅದು ಬಾಡಿದ ಮೇಲೆ ಬೆಳ್ಳುಳ್ಳಿ, ಅಷ್ಟೇ ಅವರ ಷರತ್ತು.

ಹೊರೇಸ್‌ನ ಹೊಟ್ಟೆಯುರಿಗೆ ವಾರಸುದಾರರೂ ಇದ್ದರು. ಪ್ರಧಾನಿಯಾಗಿದ್ದ ಸಿಲ್ವಿಯೊ ಬೆರ್ಲುಸ್ಕೋನಿಗೆ ಬೆಳ್ಳುಳ್ಳಿ ಕಂಡರಾಗುತ್ತಿರಲಿಲ್ಲ. 2007ರಲ್ಲಿ ಟೀವಿ ಪತ್ರಕರ್ತ ಕಾರ್ಲೊ ರೊಸೆಲ್ಲಾ ಬೆಳ್ಳುಳ್ಳಿಯಿಲ್ಲದ ಹೋಟೆಲುಗಳು ಬೇಕೆಂದು ದನಿಯೆತ್ತಿದರು. ರೋಮ್‌ನಲ್ಲಿ ಸಿಸಿಲಿಯ ಬಾಣಸಿಗ ಫಿಲಿಪ್ಪೊ ಲಾ ಮಾಂತಿಯಾ ಎರಡನ್ನೂ ಬಿಟ್ಟು ಅಡುಗೆ ಮಾಡುತ್ತಿದ್ದರು, ನಮ್ಮ ಮಠದ ಊಟದ ಹಾಗೆ. ಆದರೆ ಅಲ್ಲಿ ಮಡಿಯ ಮಾತಿರಲಿಲ್ಲ.

ನಿಜವಾದ ಬಿಗಿ ಬಂದದ್ದು ಕಾಗದಪತ್ರಗಳಿಂದ. ಇಟಲಿಯ ಪಾಕಶಾಸ್ತ್ರ ಅಕಾಡೆಮಿ 1982ರ ಅಕ್ಟೋಬರ್ 17ರಂದು ಬೊಲೊನ್ಯ ರಗೂವಿನ ಪಾಕವಿಧಾನವನ್ನು ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ಠೇವಣಿ ಇಟ್ಟಿತು. ಈರುಳ್ಳಿ, ಕ್ಯಾರೆಟ್, ಸೆಲರಿ ಅದರಲ್ಲಿದ್ದವು. ಬೆಳ್ಳುಳ್ಳಿ ಇರಲಿಲ್ಲ. 2023ರಲ್ಲಿ ಅದನ್ನು ಪರಿಷ್ಕರಿಸಿದಾಗ ‘ಹಾಕಬಾರದವು’ ಎಂಬ ಪಟ್ಟಿಯೇ ಸೇರಿತು, ಬೆಳ್ಳುಳ್ಳಿ ಅದರಲ್ಲಿ ಹೆಸರು ಸಮೇತ ಬಂತು. ಅಮಾತ್ರಿಚಾನಾಗೂ 2020ರಲ್ಲಿ ಐರೋಪ್ಯ ಒಕ್ಕೂಟದ ಸಾಂಪ್ರದಾಯಿಕ ಖಾದ್ಯದ ಮುದ್ರೆ ಬಿತ್ತು. ರೋಮ್‌ನ ಹಳೆಯ ಅಡುಗೆ ಪುಸ್ತಕಗಳಲ್ಲಿ ಅದೇ ಸಾಸ್‌ಗೆ ಈರುಳ್ಳಿ ಹೆಚ್ಚಿ ಹಾಕುತ್ತಿದ್ದರು ಅನ್ನುವುದನ್ನು ಈಗ ಅಮಾತ್ರಿಚೆಯಲ್ಲಿ ಜೋರಾಗಿ ಹೇಳುವ ಹಾಗಿಲ್ಲ.

ಇಟಲಿಯ ಮನೆಯಡುಗೆಗೆ ಮೂಲಪುರುಷ ಅಂತ ಎಲ್ಲರೂ ಒಪ್ಪುವುದು ಪೆಲ್ಲೆಗ್ರಿನೊ ಆರ್ಟೂಸಿಯನ್ನು. ಫೊರ್ಲಿಂಪೊಪೊಲಿಯಲ್ಲಿ ಹುಟ್ಟಿದ ವ್ಯಾಪಾರಿ, ವ್ಯಾಪಾರ ಬಿಟ್ಟಮೇಲೆ, 71ರ ವಯಸ್ಸಿನಲ್ಲಿ, 1891ರಲ್ಲಿ ಸ್ವಂತ ಖರ್ಚಿನಿಂದ ತನ್ನ ಅಡುಗೆ ಪುಸ್ತಕ ಅಚ್ಚು ಹಾಕಿಸಿದವರು. ರೋಮನ್ನರು ಬೆಳ್ಳುಳ್ಳಿಯನ್ನು ಕೀಳು ಜನಕ್ಕೆ ಬಿಟ್ಟಿದ್ದರೆಂದೂ ಸ್ಪೇನಿನ ಕಾಸ್ತಿಲಿಯಾದ ರಾಜನೊಬ್ಬ ಅದರ ವಾಸನೆ ಹೊತ್ತು ಆಸ್ಥಾನಕ್ಕೆ ಬಂದವರನ್ನು ಶಿಕ್ಷಿಸುತ್ತಿದ್ದನೆಂದೂ ಅವರೇ ಬರೆದಿದ್ದಾರೆ. ಆ ಪುಸ್ತಕದ ಟೊಮೆಟೊ ಸಾಸ್ ಶುರುವಾಗುವುದು ಇವನ್ನು ಸಣ್ಣಗೆ ಹೆಚ್ಚುವುದರಿಂದ: ಬೆರಳುದ್ದ ಸೆಲರಿ, ಕೆಲವು ತುಳಸಿಜಾತಿಯ ಬಾಸಿಲ್ ಎಲೆ, ಬೇಕಷ್ಟು ಪಾರ್ಸ್ಲಿ, ಕಾಲು ಈರುಳ್ಳಿ, ಒಂದು ಎಸಳು ಬೆಳ್ಳುಳ್ಳಿ.