ನ್ಯಾಶ್‌ವಿಲ್ ಸ್ಫೋಟ: ಗೋಡೆ ಉಳಿದರೂ ಫೋನು ಸತ್ತದ್ದೇಕೆ?

2020ರ ಡಿಸೆಂಬರ್ 25ರಂದು ನಸುಕಿನಲ್ಲಿ, ಅಮೆರಿಕದ ಟೆನೆಸಿ ರಾಜ್ಯದ ರಾಜಧಾನಿ ನ್ಯಾಶ್‌ವಿಲ್‌ನ ಸೆಕೆಂಡ್ ಅವೆನ್ಯೂ ರಸ್ತೆಯಲ್ಲಿ ನಿಂತಿದ್ದ ವಾಹನವೊಂದರ ಧ್ವನಿವರ್ಧಕದಿಂದ, ಬಾಂಬ್ ಸಿಡಿಯಲಿದೆ, ಎಲ್ಲರೂ ದೂರ ಹೋಗಿ ಎಂಬ ಧ್ವನಿಮುದ್ರಿತ ಎಚ್ಚರಿಕೆ ಕೇಳಿಬರುತ್ತಿತ್ತು. 6 ಮಂದಿ ಪೊಲೀಸರು ಬಾಗಿಲು ಬಾಗಿಲಿಗೆ ಹೋಗಿ ನಿವಾಸಿಗಳನ್ನು ಎಬ್ಬಿಸಿ ಹೊರಗೆ ಕಳುಹಿಸಿದ್ದರಿಂದ, ಆರೂವರೆಯ ಸುಮಾರಿಗೆ ವಾಹನ ಸಿಡಿದಾಗ ಸತ್ತದ್ದು ಅದನ್ನು ತಂದವನೊಬ್ಬನೇ. ವಾಹನ ನಿಂತಿದ್ದುದು ಎಟಿ ಅಂಡ್ ಟಿ ಕಂಪನಿಯ ದೂರವಾಣಿ ವಿನಿಮಯ ಕೇಂದ್ರದ ಎದುರಿನಲ್ಲಿ.

ಆ ಒಂದು ಸಂಗತಿಯೇ ಊಹೆಗಳಿಗೆ ಸಾಕಾಯಿತು. 5ಜಿ ತಂತ್ರಜ್ಞಾನದ ಮೇಲಿನ ದ್ವೇಷವೇ ಕಾರಣವೆಂದು ಕೆಲವರೆಂದರು. ಕ್ಷಿಪಣಿ ಬಂದು ಬಿದ್ದಿತು ಎಂಬ ಶುದ್ಧ ಸುಳ್ಳೂ ಹರಡಿತು. 2021ರ ಮಾರ್ಚ್‌ನಲ್ಲಿ ಎಫ್‌ಬಿಐ ತನ್ನ ತನಿಖೆಯ ತೀರ್ಮಾನವನ್ನು ಪ್ರಕಟಿಸಿ, ಇದು ರಾಜಕೀಯ ಸಿದ್ಧಾಂತದಿಂದ ಪ್ರೇರಿತವಾದ ಕೃತ್ಯವಲ್ಲ, ಬದುಕಿನ ಒತ್ತಡ, ಸಂಶಯಪೀಡಿತ ಮನಸ್ಸು ಮತ್ತು ವಿಚಿತ್ರ ನಂಬಿಕೆಗಳು ಸೇರಿ ಒಬ್ಬ ವ್ಯಕ್ತಿಯನ್ನು ಆತ್ಮಹತ್ಯೆಯತ್ತ ಒಯ್ದದ್ದು ಎಂದಿತು. ಆತನ ಮನಸ್ಸಿನಲ್ಲೇನಿತ್ತು ಎಂಬ ಚರ್ಚೆಗೆ ಸಿಕ್ಕಷ್ಟು ಗಮನ, ಆ ಕಟ್ಟಡದೊಳಗೆ ಏನಾಯಿತು ಎಂಬುದಕ್ಕೆ ಸಿಗಲಿಲ್ಲ. ಕಲಿಯಬೇಕಾದದ್ದು ಇರುವುದು ಅಲ್ಲಿಯೇ.

ಇಂಥ ಕಟ್ಟಡಗಳನ್ನು ಕೋಟೆಯಂತೆ ಕಟ್ಟುವುದು ಹಳೆಯ ಪದ್ಧತಿ. ನ್ಯೂಯಾರ್ಕ್‌ನ ಥಾಮಸ್ ಸ್ಟ್ರೀಟ್‌ನಲ್ಲಿ 1974ರಲ್ಲಿ ಪೂರ್ಣಗೊಂಡ ದೂರವಾಣಿ ಗೋಪುರಕ್ಕೆ ಕಿಟಕಿಗಳೇ ಇಲ್ಲ. ನ್ಯಾಶ್‌ವಿಲ್‌ನಲ್ಲೂ ಸುತ್ತಲಿನ 40ಕ್ಕೂ ಹೆಚ್ಚು ಕಟ್ಟಡಗಳು ಹಾನಿಗೊಂಡವು, ಹಳೆಯ ಇಟ್ಟಿಗೆಯ ಮುಂಭಾಗಗಳು ಕಳಚಿ ಬಿದ್ದವು. ವಿನಿಮಯ ಕೇಂದ್ರವೂ ಪೆಟ್ಟು ತಿಂದಿತು, ಆದರೆ ಕುಸಿಯಲಿಲ್ಲ. ಅಷ್ಟೇ ಅಲ್ಲ, ಸ್ಫೋಟದ ನಂತರ ಹಲವು ಗಂಟೆಗಳ ಕಾಲ ಸೇವೆ ಬಹುಮಟ್ಟಿಗೆ ನಡೆದೇ ಇತ್ತು.

ಅದಕ್ಕೆ ಕಾರಣ ಬ್ಯಾಟರಿ. ದೂರವಾಣಿ ಉಪಕರಣಗಳು ಓಡುವುದು ನಮ್ಮ ಮನೆಗೆ ಬರುವ ಎಸಿ ವಿದ್ಯುತ್ತಿನಲ್ಲಲ್ಲ, 48 ವೋಲ್ಟ್‌ನ ಡಿಸಿ ವಿದ್ಯುತ್ತಿನಲ್ಲಿ. ತಲಾ ಸುಮಾರು 2 ವೋಲ್ಟ್ ಕೊಡುವ 24 ಸೀಸ-ಆಮ್ಲ ಕೋಶಗಳನ್ನು ಸಾಲಾಗಿ ಜೋಡಿಸಿದರೆ ಆ ಒತ್ತಡ ಸಿಗುತ್ತದೆ. ಹೊರಗಿನ ವಿದ್ಯುತ್ತು ಈ ಬ್ಯಾಟರಿಗಳನ್ನು ಸದಾ ತುಂಬಿಸುತ್ತಲೇ ಇರುತ್ತದೆ. ಅದು ನಿಂತ ಕ್ಷಣವೇ, ಒಂದು ಕರೆಯೂ ಕಡಿಯದಂತೆ, ಬ್ಯಾಟರಿಗಳು ಹೊರೆಯನ್ನು ಹೊರುತ್ತವೆ. ಆದರೆ ಅವು ಕೆಲವೇ ಗಂಟೆಗಳ ಆಸರೆ. ಅಷ್ಟರಲ್ಲಿ ಡೀಸೆಲ್ ಜನರೇಟರ್‌ಗಳು ಕೆಲಸ ವಹಿಸಿಕೊಳ್ಳಬೇಕು.

ನ್ಯಾಶ್‌ವಿಲ್‌ನಲ್ಲಿ ತಪ್ಪಿದ್ದು ಈ ಕೊಂಡಿ. ಹೊರಗಿನ ವಿದ್ಯುತ್ತು ಕಡಿದಿತ್ತು, ಬೆಂಕಿ ಹತ್ತಿತ್ತು, ಒಡೆದ ಕೊಳವೆಗಳ ನೀರು ನೆಲಮಾಳಿಗೆಯಲ್ಲಿ ಸುಮಾರು 3 ಅಡಿ ನಿಂತಿತ್ತು, ಜನರೇಟರ್ ವ್ಯವಸ್ಥೆ ಕೈಕೊಟ್ಟಿತ್ತು. ಬ್ಯಾಟರಿ ಬರಿದಾದಂತೆ ಟೆನೆಸಿಯಲ್ಲಷ್ಟೇ ಅಲ್ಲದೆ ಕೆಂಟಕಿ, ಅಲಬಾಮಾಗಳಲ್ಲೂ ಫೋನುಗಳು ಸ್ತಬ್ಧವಾದವು. ಹಲವು ಕೌಂಟಿಗಳಲ್ಲಿ 911 ತುರ್ತು ಕರೆಗಳು ಹೋಗಲಿಲ್ಲ. ನ್ಯಾಶ್‌ವಿಲ್ ವಿಮಾನ ನಿಲ್ದಾಣದಿಂದ ವಿಮಾನಗಳ ಹಾರಾಟವನ್ನು ಸ್ವಲ್ಪ ಕಾಲ ತಡೆಯಬೇಕಾಯಿತು. ಪೊಲೀಸರು ಮತ್ತು ಅಗ್ನಿಶಾಮಕ ಸಿಬ್ಬಂದಿಗೆಂದೇ ರೂಪಿಸಿದ್ದ ಫಸ್ಟ್‌ನೆಟ್ ಜಾಲಕ್ಕೂ ಅಡ್ಡಿಯಾಯಿತು. ದುರಸ್ತಿಗೆ ಹೋದವರು ರಾತ್ರಿ ಬೆಂಕಿ ಮರಳಿ ಹೊತ್ತಿಕೊಂಡದ್ದರಿಂದ ಹೊರಬರಬೇಕಾಯಿತು. ಬಳಿಕ ಅವರು ನೀರು ಹೊರಹಾಕಿ, ಕಟ್ಟಡಕ್ಕೆ ರಂಧ್ರ ಕೊರೆದು ಹೊರಗಿನ ಜನರೇಟರ್‌ಗಳ ತಂತಿಗಳನ್ನು ಒಳಗೆಳೆದರು.

ಇದಕ್ಕೆ ಬಾಂಬೇ ಬೇಕೆಂದೇನಿಲ್ಲ. 1975ರಲ್ಲಿ ನ್ಯೂಯಾರ್ಕ್‌ನ ಒಂದು ವಿನಿಮಯ ಕೇಂದ್ರದಲ್ಲಿ ಹೊತ್ತಿದ ಬೆಂಕಿ ಸುಮಾರು 1,70,000 ಫೋನುಗಳನ್ನು ಮೂಕವಾಗಿಸಿತ್ತು. ಆದ್ದರಿಂದ ಗೋಡೆಯನ್ನು ಇನ್ನಷ್ಟು ದಪ್ಪ ಮಾಡುವುದು ಸರಿಯಾದ ಉತ್ತರವೆಂದು ನನಗೆ ಅನ್ನಿಸುವುದಿಲ್ಲ. ತುರ್ತು ಕರೆಗಳಾದರೂ ಎರಡು ಬೇರೆ ಕಟ್ಟಡಗಳ ಮೂಲಕ, ಬೇರೆ ಬೇರೆ ಹಾದಿಯ ಕೇಬಲ್‌ಗಳಲ್ಲಿ ಸಾಗುವಂತಿರಬೇಕು. ಅದಕ್ಕೆ ಖರ್ಚು ಹೆಚ್ಚು, ನಿಜ. ಅದನ್ನು ಕಂಪನಿಗಳ ಇಚ್ಛೆಗೆ ಬಿಡದೆ ನಿಯಮವಾಗಿಸಬೇಕು.