ಮಾಹಿಮ್‌ನಲ್ಲಿ ಸಮುದ್ರದ ನೀರು ನಿಜಕ್ಕೂ ಸಿಹಿಯಾಗಿತ್ತಾ?

ಪ್ರಶ್ನೆ: 2006ರಲ್ಲಿ ಮಾಹಿಮ್ ಸಮುದ್ರದ ನೀರು ಸಿಹಿಯಾಗಿತ್ತು ಅಂತ ನಮ್ಮ ಮಾವ ಇವತ್ತಿಗೂ ಹೇಳುತ್ತಾರೆ. ಆಗ ಮಾಟುಂಗಾದಲ್ಲಿ ಹೋಟೆಲ್ ಕೆಲಸದಲ್ಲಿದ್ದರು, ತಾವೇ ಹೋಗಿ ಕುಡಿದು ನೋಡಿದರಂತೆ. ಅಷ್ಟೊಂದು ಜನ ಸೇರಿ ಸುಳ್ಳು ಹೇಳೋಕೆ ಆಗುತ್ತಾ?

ಉತ್ತರ: ನಿಮ್ಮ ಮಾವ ಸುಳ್ಳು ಹೇಳುತ್ತಿಲ್ಲ. ಮುಂಬೈ ಕನ್ನಡಿಗರು ನಾಲ್ಕು ಜನ ಕೂತಲ್ಲಿ ಈ ಮಾತು ಬಂದರೆ ಒಬ್ಬರು ಪವಾಡ ಅನ್ನುತ್ತಾರೆ, ಇನ್ನೊಬ್ಬರು ಬರೀ ಪುಕಾರು ಅಂತ ತಳ್ಳಿಹಾಕುತ್ತಾರೆ. ನನ್ನ ಪ್ರಕಾರ ಇಬ್ಬರದ್ದೂ ಸರಿಯಿಲ್ಲ. ನೀರಿನ ರುಚಿ ಬದಲಾಗಿತ್ತು. ಆದರೆ ಅದು ಕುಡಿಯುವ ನೀರಾಗಿರಲಿಲ್ಲ.

ಅವತ್ತು 2006ರ ಆಗಸ್ಟ್ 18, ಶುಕ್ರವಾರ. ಮಾಹಿಮ್ ಖಾಡಿಯ (ನದಿ ಸಮುದ್ರಕ್ಕೆ ಸೇರುವ ಕಡೆಯ ಹಿನ್ನೀರು) ನೀರು ಸಿಹಿಯಾಗಿದೆ ಅಂತ ಸುದ್ದಿ ಹಬ್ಬಿತು. ವಾಟ್ಸಾಪ್ ಇನ್ನೂ ಹುಟ್ಟಿರಲಿಲ್ಲ, ಆದರೂ ಜನ ಕಿಕ್ಕಿರಿದು ಬಂದರು. ಹತ್ತಿರದಲ್ಲೇ ಸೂಫಿ ಸಂತ ಮಖ್ದೂಮ್ ಅಲಿ ಮಾಹಿಮಿ ಬಾಬಾರ ದರ್ಗಾ ಇದೆ, ಹಾಗಾಗಿ ಬಾಬಾರ ಕೃಪೆ ಅಂದುಕೊಂಡವರೂ ಇದ್ದರು. ಪ್ಲಾಸ್ಟಿಕ್, ಕಸ ತೇಲಿಹೋಗುತ್ತಿದ್ದ ನೀರನ್ನೇ ಬೊಗಸೆಯಲ್ಲಿ ಕುಡಿದರು, ಬಾಟಲಿಗೂ ತುಂಬಿಕೊಂಡರು. ಕುಡಿಯಬೇಡಿ ಅಂತ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದರೂ ಕೇಳಲಿಲ್ಲ. ಮರುದಿನ ಮಧ್ಯಾಹ್ನ 2 ಗಂಟೆ ಹೊತ್ತಿಗೆ ನೀರು ಮತ್ತೆ ಉಪ್ಪಾಯಿತು ಅಂತ ಅಲ್ಲಿಗೆ ಬಂದವರೇ ಹೇಳಿದರು.

ಆಗಸ್ಟ್ ಅಂದರೆ ಮುಂಬೈಯಲ್ಲಿ ಇನ್ನೂ ಜೋರು ಮಳೆಗಾಲ, ಅಲ್ವಾ? ವಿಹಾರ್, ಪೊವಾಯಿ ಕೆರೆಗಳು ತುಂಬಿ ಹರಿದ ನೀರೇ ಮೀಠಿ ನದಿ. ಸುಮಾರು 18 ಕಿಲೋಮೀಟರ್ ಹರಿದು, ಸಾಕಿನಾಕಾ, ಕುರ್ಲಾ ದಾಟಿ ಮಾಹಿಮ್ ಖಾಡಿಗೆ ಸೇರುತ್ತದೆ. ಮೀಠಿಯ ನೀರು ಜಾಸ್ತಿ ಬಂದು ಹೀಗಾಗಿರಬಹುದು ಅಂತ ಮಹಾನಗರ ಪಾಲಿಕೆಯವರ ಊಹೆ. ಐಐಟಿ ಬಾಂಬೆಯ ಭೂವಿಜ್ಞಾನಿಗಳು ಬೇರೆ ಕಾರಣ ಕೊಟ್ಟರು: ದಡದ ಹತ್ತಿರ ನೆಲದಡಿಯ ಬಂಡೆಗಳಲ್ಲಿ ಮಳೆ ನೀರು ತುಂಬಿತ್ತು, ಬಿರುಕು ಅಗಲವಾಗಿ ಅದು ಒಮ್ಮೆಲೇ ಸಮುದ್ರಕ್ಕೆ ನುಗ್ಗಿತು. ಹೇಗೇ ಬಂದಿರಲಿ, ಮೇಲೆ ತೇಲಿದ್ದು ಮಳೆ ನೀರು.

ತೇಲಿದ್ದು ಹೇಗೆ ಅನ್ನುವುದನ್ನು ಮನೆಯಲ್ಲೇ ನೋಡಬಹುದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅರ್ಧ ಲೋಟ ಕುಡಿಯುವ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ಪೂರ್ತಿ ಕರಗಿಸಿ. ಸಕ್ಕರೆ ಹಾಕದ, ತಣ್ಣಗಾದ ಕರಿ ಚಹಾವನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಇಳಿಸಿ. ಉಪ್ಪು ನೀರು ಭಾರ, ಚಹಾ ಹಗುರ. ಹಾಗಾಗಿ ಚಹಾದ ಬಣ್ಣ ಮೇಲೇ ನಿಲ್ಲುತ್ತದೆ. ಲೋಟ ಅಲುಗಿಸದೆ ಮೇಲಿನಿಂದ ಒಂದು ಹನಿ ಹೀರಿ ನೋಡಿ, ಉಪ್ಪು ಅಷ್ಟಾಗಿ ತಿಳಿಯುವುದಿಲ್ಲ. ಆಮೇಲೆ ಚೆನ್ನಾಗಿ ಕಲಕಿ, ಇನ್ನೊಂದು ಹನಿ ರುಚಿ ನೋಡಿ. ಶನಿವಾರ ಮಧ್ಯಾಹ್ನ ಮಾಹಿಮ್‌ನಲ್ಲಿ ಆದದ್ದು ಇದೇ.

ಉಡುಪಿ, ಕುಂದಾಪುರ ಕಡೆಯವರಿಗೆ ಇದು ಹೊಸದೇನಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ಅಳಿವೆಯಲ್ಲಿ ಉಪ್ಪು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಉಪ್ಪು ನೀರು ಹೊಳೆಯೊಳಗೆ ಏರಿ ಬಂದು ಬದಿಯ ಬಾವಿಗಳನ್ನೂ ಕೆಡಿಸುತ್ತದೆ. ಊರಲ್ಲಿ ಅದನ್ನು ಯಾರೂ ಪವಾಡ ಅನ್ನುವುದಿಲ್ಲ.

ನನಗೆ ಸಂಕಟವಾಗುವುದು ಬಾಟಲಿಗಳ ವಿಷಯದಲ್ಲಿ. ಆ ಖಾಡಿಗೆ ಊರಿನ ಚರಂಡಿ ನೀರು, ಕಾರ್ಖಾನೆಗಳ ಕೊಳಕು ಎಲ್ಲ ಸೇರುತ್ತದೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ತರುವ ರೋಗಾಣುಗಳಿಗೆ ರುಚಿಯೇ ಇಲ್ಲ. ಉಪ್ಪು ಕಡಿಮೆಯಾದ ಮಾತ್ರಕ್ಕೆ ಅವು ಹೋಗುವುದಿಲ್ಲ. ನಾಲಿಗೆಗೆ ಉಪ್ಪು ಗೊತ್ತಾಗುತ್ತದೆ, ಕಾಯಿಲೆ ಗೊತ್ತಾಗುವುದಿಲ್ಲ. ಜನ ಸುಮ್ನೆ ನಂಬಿದ್ದೂ ಅಲ್ಲ. ಪ್ರತಿಯೊಬ್ಬರೂ ಕೈಯಾರೆ ಎತ್ತಿ ಕುಡಿದು ಪರೀಕ್ಷೆ ಮಾಡಿದ್ದರು. ಪರೀಕ್ಷೆ ಸರಿಯಾಗಿಯೇ ಇತ್ತು, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. ಪಾಲಿಕೆ ಕೇಳಿದ ರೋಗಾಣು ಪರೀಕ್ಷೆಯ ವರದಿ ಬರುವ ತನಕ ಕಾಯುವ ತಾಳ್ಮೆ ಆ ಗುಂಪಿಗೆ ಇರಲಿಲ್ಲ.

ಕೆಲವೇ ಗಂಟೆಗಳಲ್ಲಿ ಗುಜರಾತಿನ ತೀಥಲ್ ಕಡಲತೀರದಲ್ಲೂ ನೀರು ಸಿಹಿಯಾಗಿದೆ ಅಂತ ಜನ ಹೇಳಿದರು. ಅಲ್ಲಿ ಮೊದಲು ಬಂದದ್ದು ಸುದ್ದಿ, ರುಚಿ ಆಮೇಲೆ ಇರಬಹುದು. ಸಿಹಿ ಇರುತ್ತದೆ ಅಂದುಕೊಂಡು ಬಾಯಿಗೆ ಹಾಕಿಕೊಂಡರೆ ಸ್ವಲ್ಪ ಕಡಿಮೆ ಉಪ್ಪೂ ಸಿಹಿ ಅನ್ನಿಸೀತು. ಅದಾಗಿ ಎರಡೇ ದಿನಕ್ಕೆ, ಗಣಪತಿ ಮೂರ್ತಿ ಹಾಲು ಕುಡಿಯುತ್ತಿದೆ ಅನ್ನುವ 1995ರ ಸುದ್ದಿ ಉತ್ತರ ಭಾರತದಲ್ಲಿ ಮತ್ತೆ ಎದ್ದಿತು.

ಮಾವನ ಹತ್ತಿರ ಜಗಳಕ್ಕೆ ಇಳಿಯಬೇಡಿ. ನೀವು ಕುಡಿದ ನೀರಿನಲ್ಲಿ ಉಪ್ಪು ಕಡಿಮೆ ಇದ್ದದ್ದು ಹೌದು ಅಂತ ಮೊದಲು ಒಪ್ಪಿಕೊಳ್ಳಿ, ಆಮೇಲೆ ಚಹಾದ ಲೋಟ ಮುಂದಿಡಿ. ಮುಂದೆ ಯಾವುದಾದರೂ ಮಳೆಗಾಲದಲ್ಲಿ ಇದೇ ಸುದ್ದಿ ಎದ್ದು, ಮನೆಗೆ ಬಾಟಲಿ ಬಂದರೆ, ಮಕ್ಕಳ ಕೈಗೆ ಸಿಗುವ ಮೊದಲೇ ಚೆಲ್ಲಿಬಿಡಿ.