ಹಳೆಯ ಎಟಿವಿ ಏರಿನಲ್ಲಿ ಎಳೆಯದಿದ್ದರೆ ಎಲ್ಲಿಂದ ಕೈ ಹಚ್ಚಬೇಕು?

ಹೋಂಡಾ ಟಿಆರ್‌ಎಕ್ಸ್ 400ಇಎಕ್ಸ್ 1999ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಎಟಿವಿ, ಅಂದರೆ ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ. 397 ಸಿಸಿ, ಏರ್‌ಕೂಲ್ಡ್ ಒಂಟಿ ಸಿಲಿಂಡರ್, ನಾಲ್ಕು ವಾಲ್ವ್, 85 ಮಿ.ಮೀ. ಬೋರ್, 70 ಮಿ.ಮೀ. ಸ್ಟ್ರೋಕ್, 9.1:1 ಕಂಪ್ರೆಷನ್. ಗಟ್ಟಿಮುಟ್ಟಾದ ಎಂಜಿನ್ ಆದ್ದರಿಂದ ಇವತ್ತಿಗೂ ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಬೇಡಿಕೆ ಇದೆ. ಕೊಂಡವರ ದೂರು ಬಹುಪಾಲು ಒಂದೇ: ಆರ್‌ಪಿಎಂ ಏರಿದ ಮೇಲೆ ಚೆನ್ನಾಗಿ ಓಡುತ್ತದೆ, ಆದರೆ ಮರಳಿನಲ್ಲಿ, ಕಡಿದಾದ ಏರಿನಲ್ಲಿ ಹಾಫ್ ಕ್ಲಚ್ ಹಿಡಿಯದೆ ಹೊರಡುವುದೇ ಇಲ್ಲ. ಇದಕ್ಕೆ ಜನ ಮೊದಲು ತರುವುದು ದಪ್ಪ ಸೈಲೆನ್ಸರ್, ದೊಡ್ಡ ಕಾರ್ಬುರೇಟರ್. ಎರಡೂ ಇದ್ದ ಪಿಕಪ್ಪನ್ನೂ ತಿಂದುಹಾಕುತ್ತವೆ.

ಕಾರಣ ಇನ್‌ಟೇಕ್ ವಾಲ್ವ್ ಮುಚ್ಚುವ ಹೊತ್ತಿನಲ್ಲಿದೆ. ಪಿಸ್ಟನ್ ತಳ ಮುಟ್ಟಿ ಮೇಲೇರಲು ತೊಡಗಿದರೂ ಆ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. 7000 ಆರ್‌ಪಿಎಂನಲ್ಲಿ ಒಳನುಗ್ಗುವ ಗಾಳಿಗೆ ಸಾಕಷ್ಟು ವೇಗ ಇರುವುದರಿಂದ ಪಿಸ್ಟನ್ ಎದುರಾದರೂ ಸಿಲಿಂಡರ್ ತುಂಬುತ್ತಲೇ ಹೋಗುತ್ತದೆ. 2500ರಲ್ಲಿ ಆ ವೇಗ ಇಲ್ಲ; ಒಳಗೆ ಬಂದದ್ದರಲ್ಲಿ ಒಂದು ಪಾಲನ್ನು ಪಿಸ್ಟನ್ ಕಾರ್ಬುರೇಟರ್ ಕಡೆಗೇ ವಾಪಸು ತಳ್ಳುತ್ತದೆ. ಕಾರ್ಬುರೇಟರ್ ಬಾಯಿ ಅಗಲ ಮಾಡಿದಷ್ಟೂ ಗಾಳಿಯ ವೇಗ ಇನ್ನೂ ಇಳಿಯುತ್ತದೆ. ರೇಸ್ ಕ್ಯಾಮ್ (ವಾಲ್ವ್ ತೆರೆಯುವ ಉಬ್ಬಿನ ಶಾಫ್ಟ್) ಹಾಕಿದರೆ ವಾಲ್ವ್ ಇನ್ನೂ ತಡವಾಗಿ ಮುಚ್ಚುತ್ತದೆ. ಪೇಪರ್ ಮೇಲೆ ಹಾರ್ಸ್ ಪವರ್ ಏರುತ್ತದೆ, ಏರಿನಲ್ಲಿ ಗಾಡಿ ನಿಲ್ಲುತ್ತದೆ. ಈ ಕೆಲಸಕ್ಕೆ ಕಂಪನಿಯ 38 ಮಿ.ಮೀ. ಕಾರ್ಬುರೇಟರ್ ಧಾರಾಳ ಸಾಕು.

ಹೊಸ ಪಾರ್ಟ್ ತರುವ ಮುಂಚೆ ಇರುವ ಎಂಜಿನ್ ಸೋರುತ್ತಿದೆಯೇ ನೋಡಿ. ಈ ಎಂಜಿನ್ನಿನ ಕ್ಯಾಮ್‌ನಲ್ಲಿ ಡಿಕಂಪ್ರೆಸರ್ ಇದೆ, ಸ್ಟಾರ್ಟ್ ಮಾಡುವಾಗ ಅದೇ ಸ್ವಲ್ಪ ಒತ್ತಡ ಬಿಟ್ಟುಬಿಡುತ್ತದೆ. ಹಾಗಾಗಿ ಮಾಮೂಲಿ ಕಂಪ್ರೆಷನ್ ಗೇಜಿನ ರೀಡಿಂಗ್ ಕಡಿಮೆ ಬಂತೆಂದು ರಿಂಗ್ ಬದಲಿಸಲು ಓಡಬೇಡಿ. ಲೀಕ್‌ಡೌನ್ ಗೇಜ್ ಬೇಕು, ಸಿಲಿಂಡರಿಗೆ ಗಾಳಿ ಬಿಟ್ಟು ಎಷ್ಟು ಸೋರುತ್ತದೆಂದು ತೋರಿಸುವಂಥದ್ದು. ಎಂಜಿನ್ ಬಿಸಿ ಮಾಡಿ, ಕಂಪ್ರೆಷನ್ ಸ್ಟ್ರೋಕಿನಲ್ಲಿ ‘ಟಿ’ ಗುರುತಿಗೆ (ಪಿಸ್ಟನ್ ತುತ್ತತುದಿಯಲ್ಲಿರುವ ಜಾಗ) ತಂದು, ಟಾಪ್ ಗೇರ್ ಹಾಕಿ ಬ್ರೇಕ್ ಹಿಡಿದು 100 ಪಿಎಸ್‌ಐ ಗಾಳಿ ಬಿಡಿ. ಸೋರಿಕೆ ಶೇ. 10ರೊಳಗಿದ್ದರೆ ಎಂಜಿನ್ ಚೆನ್ನಾಗಿದೆ, ಶೇ. 20 ದಾಟಿದರೆ ಬಿಚ್ಚಲೇಬೇಕು. ಸುಯ್ ಎನ್ನುವ ಸದ್ದು ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರಿನಿಂದ ಬಂದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಿಯಿಂದ ಬಂದರೆ ರಿಂಗ್. ಟ್ಯಾಪೆಟ್ ಸೆಟ್ಟಿಂಗ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ಎಂಜಿನ್ ತಣ್ಣಗಿದ್ದಾಗ: ಇನ್‌ಟೇಕ್ 0.10, ಎಕ್ಸಾಸ್ಟ್ 0.12 ಮಿ.ಮೀ. ಬಿಗಿಯಾದ ಟ್ಯಾಪೆಟ್ಟೇ ಎಷ್ಟೋ ಸಲ ಪಿಕಪ್ ನುಂಗಿರುತ್ತದೆ.

ಆಮೇಲೆ ಸ್ಪ್ರಾಕೆಟ್. ಕಂಪನಿಯಿಂದ ಬರುವುದು ಮುಂದೆ 15, ಹಿಂದೆ 38 ಹಲ್ಲು. ಮುಂದಿನದನ್ನು 14ಕ್ಕೆ ಇಳಿಸಿದರೆ ಅನುಪಾತ 2.53ರಿಂದ 2.71ಕ್ಕೆ ಏರಿ, ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಎಳೆತ ಶೇ. 7 ಹೆಚ್ಚುತ್ತದೆ, ಟಾಪ್ ಸ್ಪೀಡ್ ಅಷ್ಟೇ ಇಳಿಯುತ್ತದೆ. ಹೋಲಿಸಿ ನೋಡಿ: ಬೋರಿಂಗ್ ಮಾಡಿಸಿ, ಅಂದರೆ ಸಿಲಿಂಡರ್ ಕೊರೆಸಿ ಅಗಲ ಮಾಡಿಸಿ, 87 ಮಿ.ಮೀ. ಪಿಸ್ಟನ್ ಹಾಕಿ 416 ಸಿಸಿ ಮಾಡಿದರೆ ಹೆಚ್ಚುವ ಸಿಸಿ ಶೇ. 4.8 ಮಾತ್ರ. ಚಿಲ್ಲರೆ ಖರ್ಚಿನ ಒಂದು ಹಲ್ಲು ದುಬಾರಿ ಬೋರಿಂಗಿಗಿಂತ ಮುಂದಿದೆ! 13 ಹಲ್ಲಿನದು ಬೇಡ. ಚೈನ್ ಸ್ವಿಂಗ್ ಆರ್ಮಿನ ಸ್ಲೈಡರನ್ನು ಉಜ್ಜಿ ಸವೆಸುತ್ತದೆ. ಹಿಂದಿನ ಟೈರಿನ ಎತ್ತರವನ್ನೂ ಅಳೆಯಿರಿ. ಕಂಪನಿಯ 20 ಇಂಚಿನ ಜಾಗದಲ್ಲಿ ಹಿಂದಿನ ಮಾಲೀಕ 22 ಇಂಚಿನದು ಹಾಕಿಸಿದ್ದರೆ ಶೇ. 9 ಎಳೆತ ಅಲ್ಲೇ ಹೋಗಿರುತ್ತದೆ.

ಇಷ್ಟಾದ ಮೇಲೂ ಸಾಲದಿದ್ದರೆ, ಅಥವಾ ಲೀಕ್‌ಡೌನ್ ಹೇಗೂ ಬಿಚ್ಚಿ ಎಂದಿದ್ದರೆ, ಬೋರಿಂಗ್ ಮಾಡಿಸಿ. 416 ಕಿಟ್ಟಿನ ಪಿಸ್ಟನ್ 11:1 ಕಂಪ್ರೆಷನ್ನಿನ ಆಸುಪಾಸಿನದೂ ಸಿಗುತ್ತದೆ. ಏರ್‌ಕೂಲ್ಡ್ ಎಂಜಿನ್ನನ್ನು ನಿಧಾನವಾಗಿ, ಭಾರ ಹೊರಿಸಿ ದುಡಿಸುವವರಿಗೆ 10 ಅಥವಾ 10.5ರದ್ದೇ ವಾಸಿ. ಮಷಿನ್ ಶಾಪಿಗೆ ಸಿಲಿಂಡರ್ ಜೊತೆ ಪಿಸ್ಟನ್ನನ್ನೂ ಕೊಡಿ. ಅದನ್ನು ಅಳೆದೇ ಬೋರ್ ಮಾಡಬೇಕು, ಬಾಕ್ಸಿನ ಮೇಲಿನ ಅಂಕಿ ನೋಡಿ ಅಲ್ಲ. ಫೋರ್ಜ್ಡ್ ಪಿಸ್ಟನ್ ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಹಳೆಯ ಪಿಸ್ಟನ್ನಿನ ಕ್ಲಿಯರೆನ್ಸ್ ಇದಕ್ಕೆ ಸಾಲದು. ಕಿಟ್ಟಿನ ಹಾಳೆಯಲ್ಲಿ ಬರೆದಷ್ಟೇ ಸಂದು ಬಿಡಿಸಿ. ರಿಂಗನ್ನು ಬರೀ ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನಿಂದಲೇ ಎರಡು ಸೆಂಟಿಮೀಟರ್ ಕೆಳಗೆ ಸಮವಾಗಿ ತಳ್ಳಿ, ತುದಿಗಳ ನಡುವೆ ಫೀಲರ್ ಗೇಜ್ ತೂರಿಸಿ. 87 ಮಿ.ಮೀ. ಬೋರಿಗೆ ಸುಮಾರು 0.35 ಮಿ.ಮೀ. ಬೇಕು. ಕಡಿಮೆ ಇದ್ದರೆ ಒಂದೇ ತುದಿಯನ್ನು, ಅರ ಹೊರಗಿನಿಂದ ಒಳಕ್ಕೆ ಎಳೆದು ಉಜ್ಜಿ. ಗ್ಯಾಪ್ ಸಾಲದಿದ್ದರೆ ಬಿಸಿಯಾದಾಗ ತುದಿಗಳು ಒಂದಕ್ಕೊಂದು ತಾಗಿ, ರಿಂಗ್ ಸಿಲಿಂಡರನ್ನು ಗೀರುತ್ತದೆ.

ಕ್ಯಾಮ್ ಕಂಪನಿಯದೇ ಇರಲಿ. ಬದಲಿಸಲೇಬೇಕೆಂದರೆ ಕಡಿಮೆ ಡ್ಯುರೇಷನ್ನಿನ, ಅಂದರೆ ವಾಲ್ವನ್ನು ಕಡಿಮೆ ಹೊತ್ತು ತೆರೆದಿಡುವ, ‘ಟಾರ್ಕ್’ ಕ್ಯಾಮ್ ಕೇಳಿ ತನ್ನಿ.

ಪೆಟ್ರೋಲ್ ವಿಚಾರದಲ್ಲಿ ಒಂದು ಎಚ್ಚರ. ಅಮೆರಿಕದ ಕಿಟ್ಟಿನಲ್ಲಿ ‘91 ಆಕ್ಟೇನ್’ ಎಂದಿದ್ದರೆ ಅದು ಅಲ್ಲಿನ ಪಂಪಿನ ಲೆಕ್ಕ, ಎರಡು ಬಗೆಯ ಅಳತೆಗಳ ಸರಾಸರಿ. ನಮ್ಮ ಬಂಕುಗಳಲ್ಲಿ ಹೇಳುವುದು ಆ ಎರಡರಲ್ಲಿ ಒಂದಾದ ಆರ್‌ಒಎನ್. ಅಲ್ಲಿನ 91 ಎಂದರೆ ನಮ್ಮ ಲೆಕ್ಕದಲ್ಲಿ 95-96. ಆ ಕಿಟ್ ಹಾಕಿದ ಗಾಡಿಗೆ 91 ಆರ್‌ಒಎನ್ ಪೆಟ್ರೋಲ್ ಹಾಕಿದರೆ ಏರಿನಲ್ಲಿ ಟಕಟಕ ಎಂದು ನಾಕಿಂಗ್ ಶುರು, ಬಿಡದೆ ಓಡಿಸಿದರೆ ಪಿಸ್ಟನ್ನಿಗೇ ತೂತು.

ಏರ್‌ಬಾಕ್ಸಿನ ಮುಚ್ಚಳ ತೆಗೆಯಬೇಡಿ. ತೆಗೆದರೆ ಸದ್ದು ಹೆಚ್ಚುತ್ತದೆ, ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ಹೊಸ ಪಿಸ್ಟನ್ ಕೂರಿಸಿದ ಮೇಲೆ ಎಂಜಿನ್ ಬಿಸಿಯಿದ್ದಾಗ ಕಾರ್ಬುರೇಟರಿನ ಫ್ಯೂಯಲ್ ಸ್ಕ್ರೂ ತಿರುಗಿಸಿ ಐಡಲ್ ಅತಿ ಹೆಚ್ಚು ಏರುವ ಜಾಗ ಹುಡುಕಿ. ಅದು ಪೂರ್ತಿ ಬಿಗಿದಲ್ಲಿಂದ ಮೂರು ಸುತ್ತಿಗಿಂತ ಹೊರಗೆ ಸಿಕ್ಕರೆ, ಐಡಲ್ ಹೊತ್ತಿನಲ್ಲಿ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಒಂದು ಸೈಜ್ ದೊಡ್ಡದು ಬೇಕು. ಒಂದು ಸುತ್ತಿನೊಳಗೇ ಸಿಕ್ಕರೆ ಚಿಕ್ಕದು. ಆಕ್ಸಿಲರೇಟರ್ ಕೊಟ್ಟ ಕೂಡಲೇ ಗಾಡಿ ತಡವರಿಸುವುದು ಬಹುಮಟ್ಟಿಗೆ ಇದರಿಂದಲೇ, ಮೇನ್ ಜೆಟ್ಟಿನಿಂದಲ್ಲ.

ಇದು ಡ್ರೈ ಸಂಪ್ ಎಂಜಿನ್: ಆಯಿಲ್ ಇರುವುದು ಬೇರೆ ಟ್ಯಾಂಕಿನಲ್ಲಿ, ಗಾಡಿ ನಿಂತಾಗ ನಿಧಾನವಾಗಿ ಎಂಜಿನ್ನಿನ ತಳಕ್ಕೆ ಇಳಿಯುತ್ತದೆ. ನಾಲ್ಕೈದು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ ನೋಡಿದ ಆಯಿಲ್ ಮಟ್ಟವೇ ನಿಜ. ರಾತ್ರಿಯಿಡೀ ನಿಂತ ಗಾಡಿಯ ಡಿಪ್‌ಸ್ಟಿಕ್ ನಂಬಿ ಆಯಿಲ್ ತುಂಬಿಸಿದರೆ ಹೆಚ್ಚಾಗಿಬಿಡುತ್ತದೆ. ಬಿಚ್ಚಿ ಕಟ್ಟಿದ ಎಂಜಿನ್ ಆದರೆ ಆಯಿಲ್ ಹೆಡ್‌ವರೆಗೆ ಏರಿದ್ದು ಖಾತ್ರಿಯಾಗುವ ತನಕ ಐಡಲ್‌ನಲ್ಲೇ ಬಿಡಿ. ಒಣಗಿದ ಕ್ಯಾಮ್, ರಾಕರ್ ತಿಕ್ಕಿಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಎಳೆತ ಹೆಚ್ಚಾದ ಮೇಲೆ ಹಳೆಯ ಕ್ಲಚ್ ಜಾರಬಹುದು. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಪ್ಲೇಟಿನ ದಪ್ಪ ಅಳೆದು, ಗಟ್ಟಿ ಸ್ಪ್ರಿಂಗ್ ಹಾಕಿಸಿ. ಆಯಿಲ್ ಡಬ್ಬದ ಮೇಲೆ ಜೆಎಎಸ್‌ಒ ಎಂಎ ಎಂದು, ಅಂದರೆ ಆಯಿಲಿನಲ್ಲೇ ಮುಳುಗಿರುವ ಕ್ಲಚ್ಚಿಗೆ ಒಗ್ಗುವ ದರ್ಜೆ ಎಂದು, ಇರಲೇಬೇಕು. ಕಾರಿನ ಆಯಿಲ್ ಹಾಕಿದರೆ ಹೊಸ ಪ್ಲೇಟೂ ಜಾರುತ್ತದೆ.